ಹೆಜ್ಜೆಯ ಸಪ್ಪಳ, ಗಾಯಕನ ಉಸಿರು

ಹೆಡ್‌ಫೋನ್ ಮಾರುವ ದೊಡ್ಡ ಅಂಗಡಿಗೆ ಹೋದರೆ ಎರಡು ಕಪಾಟುಗಳು ಕಾಣಿಸುತ್ತವೆ. ಒಂದರಲ್ಲಿ ಕಪ್ಪು, ಬೂದು ಬಣ್ಣದ ಸಭ್ಯ ವಸ್ತುಗಳು. ಡಬ್ಬಿಯ ಮೇಲೆ ಕಣ್ಣು ಮುಚ್ಚಿ ಮೈಮರೆತ ಯಾರದೋ ಮುಖ. ಇನ್ನೊಂದರಲ್ಲಿ ಯುದ್ಧವಿಮಾನದ ಪೈಲಟ್‌ನ ತಲೆಯಿಂದ ಕಿತ್ತು ತಂದಂಥ ದಪ್ಪ ದಪ್ಪ ಆಕೃತಿಗಳು, ಕೆಂಪು ಹಸಿರು ದೀಪಗಳು, ಬಾಯಿಯ ಮುಂದಕ್ಕೆ ಬಾಗಿದ ಮೈಕ್. ಅದರ ಡಬ್ಬಿಯ ಮೇಲೆ ಬಂದೂಕು ಹಿಡಿದ ಮುಖವಿಲ್ಲದ ಯೋಧ. ಮೊದಲನೆಯದು ಹಾಡು ಕೇಳುವವರಿಗೆ, ಎರಡನೆಯದು ಗೇಮ್ ಆಡುವವರಿಗೆ ಎಂದು ಅಂಗಡಿಯವನು ತಿಳಿಸಿ ಹೇಳುತ್ತಾನೆ. ಎರಡನ್ನೂ ಮಾಡುವವರು ಏನು ಮಾಡಬೇಕು ಎಂದರೆ, ಎರಡನ್ನೂ ಕೊಳ್ಳಬೇಕು ಎಂಬ ಉತ್ತರ ಅವನ ಮುಖದ ಮೇಲೆಯೇ ಬರೆದಿರುತ್ತದೆ.

ಎರಡನ್ನೂ ಕೊಳ್ಳುವವರು ನಮ್ಮ ನಡುವೆ ಎಷ್ಟು ಮಂದಿ? ಮಧ್ಯಮ ಬೆಲೆಯ ಹೆಡ್‌ಫೋನ್ ಎಂದು ಕರೆಯುವುದು ಸುಮಾರು 5,000 ರೂಪಾಯಿಯಿಂದ 20,000 ರೂಪಾಯಿವರೆಗಿನದನ್ನು. ಸಣ್ಣ ಊರಿನಲ್ಲಿ ಇದು ಒಂದು ಸಂಸಾರದ ಒಂದೆರಡು ತಿಂಗಳ ಬಾಡಿಗೆ. ಕಾಲೇಜು ಓದುವ ಹುಡುಗ ಬೇಸಿಗೆ ರಜೆಯಲ್ಲಿ ದುಡಿದೋ, ಈದಿಯ ದುಡ್ಡು ಕೂಡಿಟ್ಟೋ ಒಂದೇ ಒಂದನ್ನು ಕೊಳ್ಳುತ್ತಾನೆ. ಆ ಒಂದರಲ್ಲಿ ರಾತ್ರಿ ಗೆಳೆಯರೊಂದಿಗೆ ಆಡುತ್ತಾನೆ, ಹಗಲು ಹಾಡು ಕೇಳುತ್ತಾನೆ. ಆದ್ದರಿಂದ ಇವೆರಡಕ್ಕೂ ಒಂದೇ ಸಾಕೆ ಎಂಬ ಪ್ರಶ್ನೆ ಹವ್ಯಾಸಿಗಳ ಹರಟೆಯಷ್ಟೇ ಅಲ್ಲ, ಮನೆಯ ಲೆಕ್ಕದ ಪ್ರಶ್ನೆಯೂ ಹೌದು.

ಕತೆ ಬರೆಯುವವನಿಗೆ ಈ ಉಸಾಬರಿ ಯಾಕೆ ಎಂದು ಓದುಗರು ಕೇಳಬಹುದು. ಪುಸ್ತಕ, ನಾಟಕ, ಸಿನಿಮಾಗಳ ವಿಮರ್ಶೆಯನ್ನು ನಾವು ಬರೆಯುತ್ತಲೇ ಬಂದಿದ್ದೇವೆ. ಹಾಡನ್ನು ವಿಮರ್ಶೆ ಮಾಡುತ್ತೇವೆ, ಹಾಡು ಕಿವಿಗೆ ತಲುಪುವ ದಾರಿಯನ್ನು ಮಾತ್ರ ಸಾಮಾನಿನ ಲೆಕ್ಕಕ್ಕೆ ಸೇರಿಸಿ ಬಿಟ್ಟುಬಿಡುತ್ತೇವೆ. ಇವತ್ತಿನ ಹುಡುಗ ಹುಡುಗಿಯರು ದಿನಕ್ಕೆ ನಾಲ್ಕಾರು ಗಂಟೆ ಕೇಳುವುದೆಲ್ಲ ಈ ಎರಡು ಬಟ್ಟಲುಗಳ ಮೂಲಕವೇ. ಅದರೊಳಗೆ ಯಾವುದು ಮುಂದೆ ಬರುತ್ತದೆ, ಯಾವುದು ಹಿಂದೆ ಸರಿಯುತ್ತದೆ ಎಂಬುದನ್ನು ಯಾರೋ ಎಲ್ಲೋ ಕುಳಿತು ತೀರ್ಮಾನಿಸಿರುತ್ತಾರೆ. ಸಂಪಾದಕರು ಲೇಖನವನ್ನು ತಿದ್ದುವ ಹಾಗೆ ಹೆಡ್‌ಫೋನು ಹಾಡನ್ನು ತಿದ್ದುತ್ತದೆ. ಅದರ ತಿದ್ದುಪಡಿಯನ್ನು ಪ್ರಶ್ನಿಸುವುದು ವಿಮರ್ಶೆಯ ಕೆಲಸವೇ.

ಹೆಡ್‌ಫೋನಿನ ವಂಶಾವಳಿಯಲ್ಲಿ ಎರಡು ಕವಲುಗಳು ಇರುವುದು ನಿಜ. ಅಮೆರಿಕದ ಯೂಟಾದವನಾದ ನೆಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ತಾನು ತಯಾರಿಸಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆಗೆ ಕಳಿಸಿದ. ಅಲ್ಲಿ ಕೇಳುವುದೆಂದರೆ ದುಡಿಮೆ. ಗರಗರ ಸದ್ದಿನ ನಡುವಿನಿಂದ ಸಂದೇಶವನ್ನು ಹೆಕ್ಕಿ ತೆಗೆಯುವುದು. ಟೆಲಿಫೋನ್ ಆಪರೇಟರ್, ಪೈಲಟ್, ವೈರ್‌ಲೆಸ್‌ನವರು ಎಲ್ಲರೂ ಈ ಕವಲಿನವರು. ಸುಖಕ್ಕಾಗಿ ಕೇಳುವ ಹೆಡ್‌ಫೋನ್ ಬಂದದ್ದು ತಡವಾಗಿ. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೊ ಸಂಗೀತಕ್ಕೆಂದೇ ಒಂದನ್ನು ಹೊರತಂದ. 1979ರಲ್ಲಿ ಸೋನಿಯವರ ವಾಕ್‌ಮನ್ ಅದನ್ನು ಬೀದಿಗೆ ತಂದಿತು. ಗೇಮಿನ ಕಪಾಟಿನಲ್ಲಿರುವುದು ಮೊದಲ ಕವಲಿನ ವೇಷ ತೊಟ್ಟುಕೊಂಡಿದೆ. ಆ ಮೈಕು, ಆ ದಪ್ಪ ಕಟ್ಟು ಎಲ್ಲ ಪೈಲಟ್‌ನದೇ.

ಆದರೆ ವೇಷದ ಒಳಗೆ ಇಣುಕಿ ನೋಡಿದರೆ ಬೇರೆಯೇ ಸಂಗತಿ. ಗೇಮ್ ಆಡುವವರಲ್ಲಿ ಬಹಳ ಹೆಸರು ಮಾಡಿದ ಹೈಪರ್‌ಎಕ್ಸ್ ಕ್ಲೌಡ್ 2014ರಲ್ಲಿ ಬಂತು. ಆಗ ಹೈಪರ್‌ಎಕ್ಸ್ ಕಿಂಗ್‌ಸ್ಟನ್ ಕಂಪೆನಿಯದಾಗಿತ್ತು. 2021ರಲ್ಲಿ ಅದು ಎಚ್‌ಪಿಯವರ ಕೈಗೆ ಹೋಯಿತು. ಆ ಕ್ಲೌಡ್‌ನ ಮೂಲ ಚೀನಾದ ಟಾಕ್‌ಸ್ಟಾರ್ ಕಂಪೆನಿಯವರ ಪ್ರೊ 80 ಎಂಬ ಹೆಡ್‌ಫೋನ್. ಅದು ಸಂಗೀತದ ಕೆಲಸ ಮಾಡುವವರಿಗೆಂದು ತಯಾರಾದದ್ದು, ಅದಕ್ಕೆ ದೀಪವೂ ಇರಲಿಲ್ಲ, ಬಂದೂಕಿನ ಯೋಧನೂ ಇರಲಿಲ್ಲ. ಮೈಕ್ ಸೇರಿಸಿ, ಕಟ್ಟು ಬದಲಿಸಿ, ಹೊಸ ಹೆಸರಿಟ್ಟಾಗ ಗೇಮಿನ ಹೆಡ್‌ಸೆಟ್ ಆಯಿತು. ಜನ ಮೆಚ್ಚಿದ ಗೇಮಿಂಗ್ ಹೆಡ್‌ಸೆಟ್ಟೇ ಸಂಗೀತದ ಕಪಾಟಿನಿಂದ ಬಂದದ್ದಾದರೆ ಎರಡು ಕಪಾಟುಗಳ ನಡುವಿನ ಗೋಡೆ ಎಷ್ಟು ತೆಳುವಿರಬೇಕು?

ಗೋಡೆಯನ್ನು ಗಟ್ಟಿ ಮಾಡಲು ಬಳಸುವ ಮುಖ್ಯ ಇಟ್ಟಿಗೆ ಡಬ್ಬಿಯ ಮೇಲಿನ '7.1 ಸರೌಂಡ್' ಎಂಬ ಮಾತು. ಸಿನಿಮಾ ಮಂದಿರದಲ್ಲಿ ಇದಕ್ಕೆ ಅರ್ಥವಿದೆ. ಏಳು ದಿಕ್ಕಿಗೆ ಸ್ಪೀಕರುಗಳು, ಕೆಳಗಿನ ಗುಡುಗು ಸದ್ದಿಗೆ ಇನ್ನೊಂದು. ತಲೆಗೆ ಹಾಕಿಕೊಳ್ಳುವ ಈ ವಸ್ತುವಿನಲ್ಲಿ ಬಹುಪಾಲು ಇರುವುದು ಎರಡೇ ಸ್ಪೀಕರು. ಹಾಗೆ ನೋಡಿದರೆ ನಮಗಿರುವುದೂ ಎರಡೇ ಕಿವಿ. ಆದರೂ ಹಿತ್ತಿಲಿನಲ್ಲಿ ಬೆಕ್ಕು ಹಾರಿದ್ದು ಎಡಕ್ಕೋ ಬಲಕ್ಕೋ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತೇವೆ. ಎಡಗಡೆಯ ಸದ್ದು ಎಡಗಿವಿಯನ್ನು ಮೊದಲು ತಲುಪುತ್ತದೆ, ಬಲಗಿವಿಯನ್ನು ಆಮೇಲೆ. ಈ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಜೊತೆಗೆ ತಲೆ ಅಡ್ಡ ಬರುವುದರಿಂದ ದೂರದ ಕಿವಿಗೆ ಸದ್ದು ಕೊಂಚ ಸಣ್ಣದಾಗಿ ಕೇಳುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ‍್ಯಾಲೆ 1907ರಲ್ಲಿಯೇ ಇದನ್ನು ವಿವರಿಸಿದ್ದ. ಇನ್ನು ಮುಂದೆ-ಹಿಂದೆ, ಮೇಲೆ-ಕೆಳಗೆ ಎಂಬುದನ್ನು ಹೇಳುವುದು ಹೊರಗಿವಿಯ ಆ ವಕ್ರವಕ್ರ ಮಡಿಕೆಗಳು.

ಈ ಲೆಕ್ಕವನ್ನೆಲ್ಲ ಮಾಡಬೇಕಾದದ್ದು ಗೇಮಿನ ಪ್ರೋಗ್ರಾಮು. ಕೌಂಟರ್-ಸ್ಟ್ರೈಕ್‌ನವರು 2016ರಲ್ಲಿ ತಮ್ಮ ಆಟದೊಳಗೇ ಹೆಡ್‌ಫೋನಿಗಾಗಿ ಇಂಥ ಲೆಕ್ಕವನ್ನು ಸೇರಿಸಿದರು. ವ್ಯಾಲೊರಂಟ್‌ನಂಥ ಆಟಗಳಲ್ಲೂ ಇದೆ. ಆಟ ಒಮ್ಮೆ ಲೆಕ್ಕ ಹಾಕಿ ಎರಡು ಕಿವಿಗೆ ಕಳಿಸಿದ್ದನ್ನು ಹೆಡ್‌ಸೆಟ್ಟಿನ '7.1' ಮತ್ತೊಮ್ಮೆ ಕಲಸಿದರೆ ದಿಕ್ಕು ಕದಡುತ್ತದೆ. ಅದೇ ಗುಂಡಿ ಒತ್ತಿ ಹಾಡು ಕೇಳಿದರಂತೂ ಗಾಯಕ ಬಚ್ಚಲುಮನೆಯಲ್ಲಿ ನಿಂತು ಹಾಡಿದಂತಿರುತ್ತದೆ. ಪ್ರಾಸಂಗಿಕವಾಗಿ ಒಂದು ಮಾತು. 1990ರ ದಶಕದ ಕೊನೆಯಲ್ಲಿ ಆರಿಯಲ್ ಎಂಬ ಕಂಪೆನಿ ಈ ಲೆಕ್ಕವನ್ನು ಸೊಗಸಾಗಿ ಮಾಡುವ ಸೌಂಡ್ ಕಾರ್ಡುಗಳನ್ನು ತಯಾರಿಸಿತ್ತು. ಪೈಪೋಟಿಯ ಕ್ರಿಯೇಟಿವ್ ಕಂಪೆನಿ ಅದರ ಮೇಲೆ ಮೊಕದ್ದಮೆ ಹೂಡಿತು. ಆರಿಯಲ್ ಗೆದ್ದಿತು, ಗೆಲ್ಲುವ ಖರ್ಚಿನಲ್ಲಿ ದಿವಾಳಿಯೂ ಆಯಿತು. 2000ದಲ್ಲಿ ಅದರ ಆಸ್ತಿಯನ್ನು ಕೊಂಡದ್ದು ಕ್ರಿಯೇಟಿವ್ ಕಂಪೆನಿಯೇ. ಕತೆಗಾರನಿಗೆ ಇಂಥ ಮುಕ್ತಾಯ ಬರೆಯುವ ಧೈರ್ಯ ಬರುವುದಿಲ್ಲ.

ಅದಿರಲಿ. ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನನ್ನ ಆಪಾನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಹತ್ತಿರ ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ತಂದ, ದೀಪ ಉರಿಯುವ ಒಂದು ಹೆಡ್‌ಸೆಟ್ ಇತ್ತು. ಯಾವ ಕಂಪೆನಿಯದು ಎಂಬುದು ಇಲ್ಲಿ ಮುಖ್ಯವಲ್ಲ. "ಮಾಮೂ, ಬಾಂಬು ಬಿದ್ದಾಗ ಮೈಯೆಲ್ಲ ಜುಮ್ ಅನ್ನತ್ತೆ, ಆದರೆ ಹಿಂದಿನಿಂದ ಬರೋವನ ಹೆಜ್ಜೆ ಸಪ್ಪಳಾನೇ ಕೇಳಲ್ಲ" ಎಂದು ದೂರಿದ. ನಾನು ಅದನ್ನೇ ತಲೆಗೆ ಹಾಕಿಕೊಂಡು ಬೇಗಂ ಅಖ್ತರ್ ಅವರ ಒಂದು ಗಝಲ್ ಹಚ್ಚಿದೆ. ತಬಲಾದ ಡಗ್ಗಾ ಎದುರಿಗೇ ಬಂದು ಕುಳಿತಿತ್ತು. ಬೇಗಂ ಸಾಹೇಬಾ ಮಾತ್ರ ಪರದೆಯ ಹಿಂದೆ ಎಲ್ಲೋ ನಿಂತು ಹಾಡುತ್ತಿದ್ದರು. ದನಿ ಮೇಲೇರಿ ಒಂದು ಗಳಿಗೆ ಒಡೆಯುತ್ತದಲ್ಲ, ಯಾವುದಕ್ಕಾಗಿ ಜನ ಅವರನ್ನು ಕೇಳುತ್ತಾರೋ ಅದು, ಬಂದು ಹೋದದ್ದೇ ತಿಳಿಯಲಿಲ್ಲ. ಅವನ ದೂರೂ ನನ್ನ ದೂರೂ ಒಂದೇ ಎಂದು ಆಗ ಅನ್ನಿಸಿತು. ಅವನಿಗೆ ಕಳೆದುಹೋದ ಹೆಜ್ಜೆ, ನನಗೆ ಕಳೆದುಹೋದ ದನಿ, ಎರಡೂ ಒಂದೇ ಜಾಗದಲ್ಲಿ ಕಳೆದುಹೋಗಿದ್ದವು.

ಆ ಜಾಗ ಯಾವುದು? ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು, ಅವುಗಳ ವಾಸ ಕೆಳಗಿನ ಕಂಪನಗಳಲ್ಲಿ. ವ್ಯಂಜನಗಳು ಬಡವು. ಅವುಗಳ ಸಣ್ಣ ಬಂಡವಾಳ ಇರುವುದು ಹೆಚ್ಚಾಗಿ 2,000 ಹರ್ಟ್ಸ್‌ನಿಂದ 8,000 ಹರ್ಟ್ಸ್‌ವರೆಗಿನ ಮೇಲಟ್ಟದಲ್ಲಿ. 'ಶ' ಅಲ್ಲಿ ಕೊಂಚ ಕೆಳಗೆ, 'ಸ' ಇನ್ನೂ ಮೇಲೆ. ಉರ್ದು ಶಾಲೆಯಲ್ಲಿ ಓದಿದವರಿಗೆ ಗೊತ್ತು, ಒಬ್ಬನ ಶೀನ್-ಖಾಫ್ ಸರಿಯಿದೆಯೇ ಎಂದು ಕೇಳುವುದು ಅವನ ಇಡೀ ಸಂಸ್ಕಾರವನ್ನು ವಿಚಾರಿಸಿದಂತೆ. ಕನ್ನಡ ಮೇಷ್ಟ್ರು 'ಸ' ಮತ್ತು 'ಶ'ಗಾಗಿ, ಮಹಾಪ್ರಾಣಕ್ಕಾಗಿ ಬೆತ್ತ ಹಿಡಿದದ್ದೂ ಇದೇ ಮೇಲಟ್ಟದ ಸೂಕ್ಷ್ಮಗಳಿಗಾಗಿ. ಗೇಮಿನ ಹೆಜ್ಜೆಯನ್ನು ತೆಗೆದುಕೊಳ್ಳಿ. ಅದರಲ್ಲಿ ಒಂದು ದೊಪ್ ಎನ್ನುವ ಕೆಳಗಿನ ಸದ್ದಿದೆ, ಅದು ಬಹಳಷ್ಟು ಸದ್ದುಗಳಲ್ಲಿ ಇರುವಂಥದ್ದೇ. ನಡೆಯುತ್ತಿರುವುದು ಜಲ್ಲಿಯ ಮೇಲೋ, ಹಲಗೆಯ ಮೇಲೋ, ಕಬ್ಬಿಣದ ಏಣಿಯ ಮೇಲೋ ಎಂದು ತಿಳಿಸುವುದು ಅದರ ಮೇಲಿನ ಕರಕರ, ಟಕಟಕ. ದಿಕ್ಕಿನ ಸುಳಿವೂ ಬಹುಮಟ್ಟಿಗೆ ಅಲ್ಲಿಯೇ. ಅಂದರೆ ಶತ್ರುವಿನ ಹೆಜ್ಜೆಯೂ ಗಾಯಕನ ವ್ಯಂಜನವೂ ಒಂದೇ ಓಣಿಯ ನಿವಾಸಿಗಳು.

ಕಿವಿಯ ಸ್ವಭಾವದಲ್ಲಿ ಇನ್ನೊಂದು ವಿಚಿತ್ರವಿದೆ. ಕೆಳಗಿನ ಕಂಪನದ ದೊಡ್ಡ ಸದ್ದು ತನಗಿಂತ ಮೇಲಿನ ಸಣ್ಣ ಸದ್ದನ್ನು ಮುಚ್ಚಿಹಾಕುತ್ತದೆ. ಮೇಲಿನದು ಕೆಳಗಿನದನ್ನು ಅಷ್ಟು ಸುಲಭವಾಗಿ ಮುಚ್ಚಲಾರದು. 1920ರ ದಶಕದಿಂದಲೇ ವಿಜ್ಞಾನಿಗಳಿಗೆ ಗೊತ್ತಿರುವ ಸಂಗತಿ ಇದು. ಮದುವೆ ಮನೆಯ ಡೋಲಿನ ಪಕ್ಕ ನಿಂತು ಮಾತಾಡಿದವರಿಗೆ ಪುಸ್ತಕದಲ್ಲಿ ಓದುವ ಅಗತ್ಯವೂ ಇಲ್ಲ. ಹೀಗಿರುವಾಗ ಬಾಸ್ ಉಬ್ಬಿಸಿದ ಹೆಡ್‌ಫೋನ್ ಏನು ಮಾಡುತ್ತದೆ? ಸ್ಫೋಟವನ್ನು ದೊಡ್ಡದು ಮಾಡಿ ಹೆಜ್ಜೆಯನ್ನು ನುಂಗುತ್ತದೆ, ಡಗ್ಗಾವನ್ನು ದೊಡ್ಡದು ಮಾಡಿ ದನಿಯನ್ನು ನುಂಗುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದಾಗ ಈ ಗುಡುಗು ಖುಷಿ ಕೊಡುತ್ತದೆ, ಮಾರಾಟವಾಗುವುದೂ ಅದರಿಂದಲೇ. ಮನೆಗೆ ತಂದ ಮೇಲೆ, ಮೂರನೆಯ ವಾರದಲ್ಲಿ, ಏನೋ ಕೊರತೆ ಎನ್ನಿಸತೊಡಗುತ್ತದೆ. ಏನೆಂದು ಮಾತ್ರ ಹೇಳಲು ಬರುವುದಿಲ್ಲ.

ಬಾಸ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಡಫ್ ಇಲ್ಲದ ಖವ್ವಾಲಿ, ಗುಡುಗಿಲ್ಲದ ಯುದ್ಧ ಯಾರಿಗೆ ಬೇಕು? ತೀರಾ ಕೆಳಗಿನ ಕಂಪನ ಇರಲಿ, ಅದು ಮೈಗೆ ತಾಕಲಿ. ಅದು ಮೇಲಕ್ಕೆ ಉಕ್ಕಿ 200, 300 ಹರ್ಟ್ಸ್‌ನ ಆಸುಪಾಸಿನಲ್ಲಿ ಕೆಸರಾಗಬಾರದು, ಅಷ್ಟೆ. ನಾವು ಕೇಳುವ ಸಂಗೀತಕ್ಕಂತೂ ಇದು ಇನ್ನೂ ಮುಖ್ಯ. 1960ರ ದಶಕದ ಹಿಂದಿ, ಕನ್ನಡ ಚಿತ್ರಗೀತೆಗಳು ಬಹುಪಾಲು ಮೊನೊ. ಮಹಮ್ಮದ್ ರಫಿಯವರ, ಪಿ.ಬಿ. ಶ್ರೀನಿವಾಸ್ ಅವರ ಆ ಕಾಲದ ದನಿಗೆ ಎಡವೂ ಇಲ್ಲ ಬಲವೂ ಇಲ್ಲ, ಅದು ಹಣೆಯ ನಡುವೆ ನಿಲ್ಲುತ್ತದೆ. ಹೆಡ್‌ಫೋನ್ ವಿಮರ್ಶಕರು 'ಸೌಂಡ್‌ಸ್ಟೇಜ್' ಎಂದು ಕೊಂಡಾಡುವ ಅಗಲ ಇಲ್ಲಿ ಕೆಲಸಕ್ಕೆ ಬಾರದು. ದನಿ ಹತ್ತಿರವಿದೆಯೇ, ಉಸಿರು ಕೇಳುತ್ತದೆಯೇ, ಪದ ಬಿಡಿಬಿಡಿಯಾಗಿ ಬರುತ್ತದೆಯೇ ಎಂಬುದೇ ಪರೀಕ್ಷೆ. ಗೇಮಿಗೂ ಅಗಲಕ್ಕಿಂತ ನಿಖರತೆ ಮುಖ್ಯ. ಅಂಗಳ ದೊಡ್ಡದಾಗಿದ್ದು ಕಳ್ಳ ಯಾವ ಮೂಲೆಯಲ್ಲಿದ್ದಾನೆಂದು ತಿಳಿಯದಿದ್ದರೆ ಏನು ಪ್ರಯೋಜನ?

ಗೇಮ್ ಎಂದರೆ ಹೆಜ್ಜೆ ಮತ್ತು ಗುಂಡು ಎಂದೇ ಇದುವರೆಗೆ ಬರೆದೆ, ಅದು ಪೂರ್ತಿ ನ್ಯಾಯವಲ್ಲ. 2012ರ 'ಜರ್ನಿ' ಎಂಬ ಆಟಕ್ಕೆ ಆಸ್ಟಿನ್ ವಿಂಟರಿ ಮಾಡಿದ ಸಂಗೀತ ಗ್ರ್ಯಾಮಿಗೆ ನಾಮಕರಣವಾಯಿತು. ಅದಕ್ಕೂ ಮೊದಲು, 2005ರ 'ಸಿವಿಲೈಸೇಶನ್ 4' ಆಟಕ್ಕೆ ಕ್ರಿಸ್ಟೊಫರ್ ಟಿನ್ ಸಂಯೋಜಿಸಿದ ಸ್ವಾಹಿಲಿ ಭಾಷೆಯ ಹಾಡು 2011ರಲ್ಲಿ ಗ್ರ್ಯಾಮಿಯನ್ನೇ ಪಡೆಯಿತು. 2017ರ 'ಹೆಲ್‌ಬ್ಲೇಡ್' ಆಟದ ನಾಯಕಿ ಸೆನುವಾಗೆ ತಲೆಯೊಳಗೆ ದನಿಗಳು ಕೇಳುತ್ತವೆ. ಅವನ್ನು ಎರಡು ಕಿವಿಯ ಮೈಕುಗಳಲ್ಲಿ ಧ್ವನಿಮುದ್ರಿಸಿ ಹೆಡ್‌ಫೋನಿಗೆಂದೇ ಜೋಡಿಸಿದ್ದಾರೆ. ಒಂದು ದನಿ ಹಿಂದಿನಿಂದ ಹಂಗಿಸುತ್ತದೆ, ಇನ್ನೊಂದು ಕಿವಿಯ ಹತ್ತಿರ ಬಂದು ಹಿಂದೆ ಶತ್ರು ಇದ್ದಾನೆಂದು ಎಚ್ಚರಿಸುತ್ತದೆ. ಮನಸ್ಸಿನ ಕಾಯಿಲೆಯ ಸಂಕಟವನ್ನು ಇಷ್ಟು ಹತ್ತಿರದಿಂದ ಕೇಳಿಸಿದ ಕತೆಗಳನ್ನು ನಾನು ಹೆಚ್ಚು ಓದಿಲ್ಲ. 2023ರ 'ಅಸ್ಯಾಸಿನ್ಸ್ ಕ್ರೀಡ್ ಮಿರಾಜ್' ನಡೆಯುವುದು 9ನೇ ಶತಮಾನದ ಬಗ್ದಾದಿನಲ್ಲಿ. ಆ ಪೇಟೆಯ ಗದ್ದಲದಲ್ಲಿ ಸುಮ್ಮನೆ ಅಡ್ಡಾಡಿಕೊಂಡಿರಲೂಬಹುದು. ಇಂಥ ಆಟಗಳ ಮುಂದೆ 'ಇದು ಸಂಗೀತದ್ದು, ಇದು ಗೇಮಿನದು' ಎಂಬ ವಿಂಗಡಣೆಗೆ ಏನರ್ಥ?

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಒಂದು ಮೈಕು, ಇನ್ನೊಂದು ತಂತಿ.

ಮೈಕಿನ ವಿಷಯ ಸುಲಭ. ಗೆಳೆಯರೊಂದಿಗೆ ಮಾತಾಡುತ್ತ ಆಡುವವರಿಗೆ ಮೈಕ್ ಬೇಕೇ ಬೇಕು. ಅದು ಹೆಡ್‌ಫೋನಿಗೆ ಅಂಟಿಕೊಂಡೇ ಹುಟ್ಟಬೇಕೆಂದಿಲ್ಲ. ಕಾಲರಿಗೆ ಸಿಕ್ಕಿಸುವ, ಬಟ್ಟಲಿನ ಪಕ್ಕಕ್ಕೆ ಅಂಟಿಸುವ, ಮೇಜಿನ ಮೇಲಿಡುವ ಮೈಕುಗಳು ಬೇರೆಯಾಗಿ ಸಿಗುತ್ತವೆ. ಮೈಕ್ ಕೆಟ್ಟರೆ ಹೆಡ್‌ಫೋನ್ ಉಳಿಯುತ್ತದೆ.

ತಂತಿಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. ಬ್ಲೂಟೂತಿನಲ್ಲಿ ಸದ್ದು ಕಿವಿಗೆ ತಲುಪುವಾಗ ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದರಿಂದ ಐದನೇ ಒಂದು ಪಾಲಿನಷ್ಟು ತಡವಾಗುತ್ತದೆ. ಹಾಡಿಗೆ ಇದರಿಂದ ನಷ್ಟವಿಲ್ಲ. ಗೇಮಿನಲ್ಲಿ ಅಷ್ಟರೊಳಗೆ ಆಟಗಾರ ಸತ್ತಿರುತ್ತಾನೆ. ಇನ್ನೊಂದು ಗುಟ್ಟನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ಬ್ಲೂಟೂತಿನ ಹಳೆಯ ಕ್ರಮದಲ್ಲಿ ಮೈಕ್ ಹಚ್ಚಿದ ತಕ್ಷಣ ಇಡೀ ಹೆಡ್‌ಫೋನು ಟೆಲಿಫೋನ್ ಆಗಿಬಿಡುತ್ತದೆ, ಎಡಬಲ ಎರಡೂ ಹೋಗಿ ಸದ್ದು ಚಪ್ಪಟೆಯಾಗುತ್ತದೆ. ಹೊಸ ಎಲ್‌ಇ ಆಡಿಯೊ ಕ್ರಮ ಇದನ್ನು ಸರಿಪಡಿಸುತ್ತ ಬರುತ್ತಿದೆಯಾದರೂ ಫೋನು, ಕಂಪ್ಯೂಟರು, ಹೆಡ್‌ಫೋನು ಎಲ್ಲವೂ ಅದನ್ನು ಬಲ್ಲವಾಗಿರಬೇಕು. ಗೇಮಿನವರು ಕೊಡುವ ಪ್ರತ್ಯೇಕ ಡೊಂಗಲ್‌ನ ವೈರ್‌ಲೆಸ್‌ಗೆ ತಡ ಬಹಳ ಕಡಿಮೆ. ಆದರೆ ಈ ಬೆಲೆಯಲ್ಲಿ ಬ್ಯಾಟರಿ, ರೇಡಿಯೊಗಳಿಗೆ ಹಣ ಹೋದರೆ ಸ್ಪೀಕರಿಗೆ ಉಳಿಯುವುದೆಷ್ಟು? ತಂತಿಯದೇ ಇರಲಿ ಎಂಬುದು ನನ್ನ ಪಟ್ಟು. ಫೋನಿನಲ್ಲಿ ತೂತಿಲ್ಲದಿದ್ದರೆ ಒಂದು ಸಣ್ಣ ಡೊಂಗಲ್ ಸಾಕು.

ಇನ್ನು ಮನೆಯ ಮಾತು. ಹೆಡ್‌ಫೋನಿನಲ್ಲಿ ಬಟ್ಟಲಿನ ಹಿಂಬದಿ ಮುಚ್ಚಿದ್ದು, ತೆರೆದದ್ದು ಎಂದು ಎರಡು ಜಾತಿ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪೆನಿಯವರು ಎಚ್‌ಡಿ 414 ಎಂಬ ಮೊದಲ ತೆರೆದ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದರು. ತೆರೆದದ್ದರಲ್ಲಿ ಗಾಳಿಯಾಡುತ್ತದೆ, ಕಿವಿ ಬೆವರುವುದಿಲ್ಲ, ದನಿ ತಲೆಯೊಳಗೆ ಒತ್ತಿಕೊಂಡಂತಿರದೆ ಸ್ವಲ್ಪ ಹೊರಗೆ ನಿಂತಂತೆ ಕೇಳುತ್ತದೆ. ಎರಡೂ ಕೆಲಸಕ್ಕೆ ಇದೇ ಮೇಲು ಎಂದು ಬಲ್ಲವರು ಹೇಳುತ್ತಾರೆ. ಅವರು ಸಾಮಾನ್ಯವಾಗಿ ಒಂಟಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳುವ ದೇಶದವರು. ನಮ್ಮ ಮನೆಗಳಲ್ಲಿ ತಲೆಯ ಮೇಲೆ ಫ್ಯಾನು, ಪಕ್ಕದ ಕೋಣೆಯಲ್ಲಿ ಟಿವಿ, ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ. ತೆರೆದ ಬಟ್ಟಲಿನಲ್ಲಿ ಇವೆಲ್ಲ ಒಳಗೆ ಬರುತ್ತವೆ. ನಮ್ಮ ಗುಂಡಿನ ಕಾಳಗವೂ ಹೊರಗೆ ಹೋಗಿ ಅದೇ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿರುವ ತಂಗಿಯ ತಲೆ ಕೆಡಿಸುತ್ತದೆ. ಹಾಸ್ಟೆಲಿನಲ್ಲಿರುವವರಿಗೂ ಗದ್ದಲದ ರಸ್ತೆಯ ಪಕ್ಕದ ಮನೆಯವರಿಗೂ ಮುಚ್ಚಿದ್ದೇ ಸರಿ.

ಹಾಗಿದ್ದೂ ರಾತ್ರಿ ಮನೆ ಶಾಂತವಾದ ಮೇಲೆ ಕೇಳುವವರು, ತಮಗೇ ಒಂದು ಮೂಲೆ ಇರುವವರು ತೆರೆದದ್ದನ್ನು ಕೊಳ್ಳಬೇಕೆಂದೇ ನನ್ನ ಅಭಿಪ್ರಾಯ. ಅಮ್ಮಿ ಮೂರು ಸಲ ಕರೆದು, ನಾಲ್ಕನೆಯ ಸಲ ಬಂದು ಭುಜ ಅಲ್ಲಾಡಿಸುವ ದೃಶ್ಯ ಇವತ್ತು ಯಾವ ಮನೆಯಲ್ಲಿಲ್ಲ? ತೆರೆದ ಬಟ್ಟಲಿನಲ್ಲಿ ಮೊದಲನೆಯ ಕರೆಯೇ ಕೇಳುತ್ತದೆ. ಏಳುವುದು ಬಿಡುವುದು ಹುಡುಗನ ಜವಾಬ್ದಾರಿ, ಕೇಳಲಿಲ್ಲ ಎಂಬ ನೆಪ ಮಾತ್ರ ಉಳಿಯುವುದಿಲ್ಲ.

ಕೆಲವು ಹೆಸರುಗಳನ್ನು ಹೇಳಲೇಬೇಕು, ಇಲ್ಲವಾದರೆ ಇದು ಗಾಳಿಗೆ ಗುದ್ದಿದಂತಾಗುತ್ತದೆ. ತೆರೆದವುಗಳಲ್ಲಿ 2020ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 560ಎಸ್ ನಾನು ಇಷ್ಟೊತ್ತು ಹೇಳಿದ ಮಾತಿಗೆ ಒಳ್ಳೆಯ ಉದಾಹರಣೆ. ಬಾಸ್ ಹದವಾಗಿದೆ, ದನಿ ಮುಂದಿದೆ, ದಿಕ್ಕು ನಿಖರ. ಮೇಲಿನ ಸ್ವರ ಸ್ವಲ್ಪ ಖಾರ. ಇದರ ಬೆಲೆ ನಮ್ಮ ಮಿತಿಯ ಮೇಲಿನ ಅಂಚಿಗೆ ತಾಗುತ್ತದೆ. ಬೇಯರ್‌ಡೈನಾಮಿಕ್‌ನ ಡಿಟಿ 990 ಪ್ರೊ ಕೂಡ ತೆರೆದದ್ದೇ, ಗೇಮಿನವರಿಗೆ ಪ್ರಿಯ. ಅದರಲ್ಲಿ ಮೇಲಟ್ಟ ಎಷ್ಟು ಚೂಪೆಂದರೆ ಹೆಜ್ಜೆ ಗಾಜಿನಂತೆ ಕೇಳುತ್ತದೆ; ಲತಾ ಅವರ 'ಸ' ಕಿವಿಗೆ ಸೂಜಿಯಾಗುತ್ತದೆ. ಈಕ್ವಲೈಸರಿನಲ್ಲಿ 8,000 ಹರ್ಟ್ಸ್‌ನ ಸುತ್ತ ಕೊಂಚ ಇಳಿಸಿಕೊಂಡರೆ ಮನುಷ್ಯರ ಸಂಗೀತವಾಗುತ್ತದೆ. 250 ಓಮ್‌ನ ಮಾದರಿಗೆ ಫೋನಿನ ಶಕ್ತಿ ಸಾಲದು ಎಂಬುದನ್ನೂ ನೆನಪಿಡಬೇಕು. ಮುಚ್ಚಿದವುಗಳಲ್ಲಿ ಅದೇ ಕಂಪೆನಿಯ ಡಿಟಿ 770 ಪ್ರೊ ಇದೆ, ಮಖಮಲ್ಲಿನ ಮೆತ್ತೆ, ಗಂಟೆಗಟ್ಟಲೆ ಹಾಕಿಕೊಂಡರೂ ನೋವಿಲ್ಲ. ಆಡಿಯೊ-ಟೆಕ್ನಿಕಾದ ಎಟಿಎಚ್-ಎಂ50ಎಕ್ಸ್ ಫೋನಿನಲ್ಲೇ ಸಲೀಸಾಗಿ ನುಡಿಯುತ್ತದೆ, ಬಾಸ್ ತುಸು ಹೆಚ್ಚು, ಹಿಡಿತ ಬಿಗಿ. ಮೈಕ್ ಸಮೇತ ಒಂದೇ ಡಬ್ಬಿಯಲ್ಲಿ ಬೇಕೆನ್ನುವವರಿಗೆ 2015ರಿಂದ ಬರುತ್ತಿರುವ ಹೈಪರ್‌ಎಕ್ಸ್ ಕ್ಲೌಡ್ 2 ಆದೀತು. ಮೈಕನ್ನು ಕಳಚಿಡಬಹುದು. ಅದರ 7.1 ಗುಂಡಿಯನ್ನು ಮಾತ್ರ ಮುಟ್ಟಬಾರದು.

ದುಬಾರಿಯಾದದ್ದು ಒಳ್ಳೆಯದೇ ಇರಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಯನ್ನು ಅವುಗಳ ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ಯಾವ ಕಂಪನವನ್ನು ಎಷ್ಟು ನುಡಿಸುತ್ತದೆ ಎಂಬುದಕ್ಕೂ ಬೆಲೆಗೂ ನಂಟೇ ಸಿಗಲಿಲ್ಲ. ಹರ್ಮನ್ ಕಂಪೆನಿಯ ಶಾನ್ ಆಲಿವ್ ಮತ್ತು ಸಂಗಡಿಗರು 2010ರ ದಶಕದಲ್ಲಿ ಕಂಪೆನಿಯ ಹೆಸರು ಗೊತ್ತಾಗದಂತೆ ಜನರಿಗೆ ಕೇಳಿಸಿ ಪರೀಕ್ಷೆ ಮಾಡಿದಾಗ, ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರು ನುಡಿದಂತೆ ಕೇಳುವುದನ್ನೇ ಹೆಚ್ಚಿನವರು ಆರಿಸಿದರು. ಉಬ್ಬಿದ ಬಾಸು, ಚುಚ್ಚುವ ಮೇಲುಸ್ವರ ಜನರ ರುಚಿ ಎಂದು ಮಾರುವವರು ಹೇಳುತ್ತ ಬಂದದ್ದಕ್ಕೆ ಈ ಪರೀಕ್ಷೆಗಳಲ್ಲಿ ಆಧಾರ ಕಾಣುವುದಿಲ್ಲ.

ಇದೆಲ್ಲ ರುಚಿಯ ಮಾತಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದೂರಸಂಪರ್ಕ ಒಕ್ಕೂಟದ ಜೊತೆ ಸೇರಿ ಒಂದು ಮಾನದಂಡ ಪ್ರಕಟಿಸಿತು. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. 3 ಡೆಸಿಬೆಲ್ ಏರಿದರೆ ಗಂಟೆ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ಮಕ್ಕಳಿಗೆ ಮಿತಿ ಇನ್ನೂ ಕೆಳಗೆ, 75 ಡೆಸಿಬೆಲ್. 2025ರಲ್ಲಿ ಗೇಮುಗಳಿಗೆಂದೇ ಪ್ರತ್ಯೇಕ ಮಾನದಂಡವೂ ಬಂತು. ಈಗ ಆಪಾನ ಮಗನ ಹೆಡ್‌ಸೆಟ್ಟನ್ನು ನೆನೆಯಿರಿ. ಹೆಜ್ಜೆ ಕೇಳುವುದಿಲ್ಲ, ಅದಕ್ಕೆ ಹುಡುಗ ವಾಲ್ಯೂಮ್ ಏರಿಸುತ್ತಾನೆ. ಹೆಜ್ಜೆಯ ಜೊತೆ ಗ್ರೆನೇಡೂ ಏರುತ್ತದೆ. ಪ್ರತಿ ರಾತ್ರಿ ಮೂರು ಗಂಟೆಯಂತೆ ವಾರಕ್ಕೆ 21 ಗಂಟೆ ಇದೇ ನಡೆಯುತ್ತದೆ. ಕೆಸರಿಲ್ಲದ ಹೆಡ್‌ಫೋನಿನಲ್ಲಿ ಅದೇ ಹೆಜ್ಜೆ ಕಡಿಮೆ ವಾಲ್ಯೂಮಿನಲ್ಲಿ ಕೇಳುತ್ತದೆ. ಗದ್ದಲದ ಮನೆಯಲ್ಲಿ ಮುಚ್ಚಿದ್ದನ್ನು ಕೊಳ್ಳಿ ಎಂದದ್ದಕ್ಕೂ ಇದೇ ಕಾರಣ. ಫ್ಯಾನಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವುದು ತಪ್ಪುತ್ತದೆ. ಒಳಗಿವಿಯ ಸಣ್ಣ ಕೂದಲಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಂಥ ಹಾನಿಯಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದೂ ಮೇಲಟ್ಟವೇ, ಸುಮಾರು 4,000 ಹರ್ಟ್ಸ್‌ನ ಸುತ್ತಮುತ್ತ. ಅಂದರೆ ಅದೇ ಓಣಿ, ಹೆಜ್ಜೆಯೂ ವ್ಯಂಜನವೂ ಇರುವಲ್ಲಿ.

ಕೊಳ್ಳುವಾಗ ಅಂಗಡಿಯವನು ಹಚ್ಚುವ ಹಾಡನ್ನು ಕೇಳಬೇಡಿ, ಅದು ಆ ಹೆಡ್‌ಫೋನಿಗೆ ಒಪ್ಪುವಂತೆ ಆರಿಸಿದ್ದಿರುತ್ತದೆ. ನಿಮಗೆ ಪದಪದವೂ ಬಾಯಿಪಾಠವಿರುವ ಒಂದು ಹಳೆಯ ಹಾಡನ್ನು ಫೋನಿನಲ್ಲಿ ಒಯ್ಯಿರಿ, ನೀವು ಆಡುವ ಆಟದ ಐದು ನಿಮಿಷದ ಮುದ್ರಣವನ್ನೂ ಒಯ್ಯಿರಿ. ಮೆತ್ತೆಗಳನ್ನು ಕಳಚಿ ಬದಲಿಸಬಹುದೇ, ತಂತಿ ಬಿಚ್ಚಿ ಬರುತ್ತದೆಯೇ ಎಂದೂ ನೋಡಿ. ನಮ್ಮ ಸೆಕೆಗೆ ಕೃತಕ ಚರ್ಮದ ಮೆತ್ತೆ ಎರಡೇ ವರ್ಷದಲ್ಲಿ ಸಿಪ್ಪೆ ಸುಲಿದು ಕೆನ್ನೆಗೆ, ಕೊರಳಪಟ್ಟಿಗೆ ಕಪ್ಪು ಚೂರುಗಳು ಅಂಟತೊಡಗುತ್ತವೆ. ತಂತಿ ಹಾಳಾಗುವುದು ಯಾವಾಗಲೂ ಪಿನ್ನಿನ ಬುಡದಲ್ಲಿ. ಮೇಲೆ ಹೆಸರಿಸಿದವುಗಳಲ್ಲಿ ಎಚ್‌ಡಿ 560ಎಸ್, ಎಂ50ಎಕ್ಸ್ ಎರಡರ ತಂತಿಯೂ ಬಿಚ್ಚಿ ಬರುತ್ತದೆ. ಡಿಟಿ 770 ಪ್ರೊ, 990 ಪ್ರೊಗಳ ಹಳೆಯ ಮಾದರಿಗಳಲ್ಲಿ ತಂತಿ ಬಟ್ಟಲಿಗೇ ಬೆಸೆದುಕೊಂಡಿದೆ, ಆದರೆ ಮೆತ್ತೆಯಿಂದ ಹಿಡಿದು ಅವುಗಳ ಬಿಡಿಭಾಗಗಳು ಸಿಗುತ್ತವೆ. ನಮ್ಮ ಪೇಟೆಯ ಮೊಬೈಲ್ ರಿಪೇರಿಯವನ ಬೆಸುಗೆಯ ಕಡ್ಡಿಗೆ ಅದೇನೂ ದೊಡ್ಡ ಕೆಲಸವಲ್ಲ.